ನೀಲಕ್ಕನ ಕಂಪೌಂಡು

ನೀಲಕ್ಕನ ಸೈಕಲ್ಲಿಗೆ ಒಂದು ಬಿದಿರಿನ ಕೋಲು ಇತ್ತು. ಕ್ಯಾರಿಯರಿಗೆ ಅಡ್ಡಲಾಗಿ ಕಟ್ಟಿದ ಆ ಕೋಲು ಬಲಗಡೆಗೆ ಎರಡು ಮೊಳ ಚಾಚಿಕೊಂಡು, ತುದಿಯಲ್ಲಿ ಕೆಂಪು ಖಣದ ಚೂರೊಂದನ್ನು ಹಾರಿಸುತ್ತ ಹೈದರಾಬಾದಿನ ಉಪ್ಪಲ್ ಬಡಾವಣೆಯ ರಸ್ತೆಗಳಲ್ಲಿ ಮೆರೆಯುತ್ತಿತ್ತು. ಕೋಲಿನ ಮೇಲೆ ಜೋಳದ ರೊಟ್ಟಿಯ ಡಬ್ಬಿ, ಡಬ್ಬಿಯ ಮುಂದೆ ಕಚ್ಚೆ ಸೀರೆಯ ನೀಲಕ್ಕ. ಬೆಲ್ ಎಂದೋ ಕೆಟ್ಟುಹೋಗಿತ್ತು. ಅವರ ಗಂಟಲಿದ್ದಾಗ ಅದರ ಅಗತ್ಯವೂ ಇರಲಿಲ್ಲ. ವಾಹನಗಳು ಆ ಕೋಲನ್ನು ತಪ್ಪಿಸಬೇಕಾದರೆ ನೀಲಕ್ಕನನ್ನೂ ತಪ್ಪಿಸಲೇಬೇಕಾಗಿತ್ತು.

ಒಮ್ಮೆ ಟ್ರಾಫಿಕ್ ಪೇದೆಯೊಬ್ಬ ಅವರನ್ನು ನಿಲ್ಲಿಸಿ, "ಏಂದಮ್ಮಾ ಇದಿ?" ಎಂದು ತೆಲುಗಿನಲ್ಲಿ ಗದರಿದಾಗ ನಾನು ಪಕ್ಕದಲ್ಲೇ ಇದ್ದೆ. ನೀಲಕ್ಕ ತಮ್ಮ ಹರಕು ಹಿಂದಿಯಲ್ಲಿ, "ಏ ಮೇರಾ ಕಂಪೌಂಡ್ ಹೈ ಸಾಬ್" ಎಂದರು. ಬಳಿಕ ನನ್ನ ಕಡೆ ತಿರುಗಿ, "ಹೇಳ್ರಿ ಕಾಕಾ ಇವಗ. ಬಂಗ್ಲೆಕ್ಕ ಕಂಪೌಂಡ್ ಇರ್ತೈತಿ, ಕಾರಿಗೆ ಬಾಗಲಾ ಇರ್ತೈತಿ. ನನಗೇನೈತಿ? ಈ ಕೋಲಷ್ಟ!" ಎಂದರು. ಪೇದೆಗೆ ನಗು ತಡೆಯಲಾಗಲಿಲ್ಲ. ಕೆಂಪು ಬಟ್ಟೆಯನ್ನು ಎರಡು ಬೆರಳುಗಳಲ್ಲಿ ಎತ್ತಿ, ಅದರಡಿ ತಲೆ ಬಗ್ಗಿಸಿ ದಾಟಿಹೋದ.

ನೀಲಕ್ಕನ ಕುರಿತು ಈಗ ನಮ್ಮ ಕಾಲೊನಿಯಲ್ಲಿ ಹಲವು ಕಥೆಗಳು ಓಡಾಡುತ್ತಿವೆ. ಪರಿಸರದ ಮೇಲಿನ ಪ್ರೀತಿಯಿಂದ ಕಾರನ್ನು ತ್ಯಜಿಸಿದರಂತೆ. ಅವರು ಸೈಕಲ್ ತುಳಿಯುವುದನ್ನು ಕಂಡು ದೊಡ್ಡ ಅಧಿಕಾರಿಯೊಬ್ಬರು ಮನಕರಗಿ ಮರುದಿನವೇ ರಸ್ತೆಯಂಚಿಗೆ ಸೈಕಲ್ಲಿಗೆಂದೇ ಹಸಿರು ಪಟ್ಟೆ ಬಳಿಸಿದರಂತೆ. ಇವುಗಳನ್ನು ನಾನು ಒಪ್ಪುವವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ನಾಂಪಲ್ಲಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತ ಓದು ಕಲಿತವನು ನಾನು. ಅಚ್ಚಾಗಿ ಬಂದದ್ದನ್ನೂ ಎರಡನೆಯ ಬಾರಿ ನೋಡದೆ ನಂಬುವ ಅಭ್ಯಾಸ ನನಗಿಲ್ಲ. ನೀಲಕ್ಕನ ಮನೆಯ ಮೇಲಿನ ಮಹಡಿಯಲ್ಲಿ ಬಹುಕಾಲ ಬಾಡಿಗೆಗಿದ್ದವನಾಗಿ ಹೇಳುತ್ತೇನೆ: ಅವರಿಗೆ ಕಾರು ಎಂದೂ ಇರಲಿಲ್ಲ. ಕೊಪ್ಪಳದಿಂದ ಮದುವೆಯಾಗಿ ಬಂದು, ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮನೆಮನೆಗೆ ಮುಟ್ಟಿಸುತ್ತಿದ್ದ ಹೆಂಗಸು ಅವರು. ಹಸಿರು ಪಟ್ಟೆಯಂತೂ ಅವರು ಬಾಯಿ ತೆರೆಯುವ ಮೊದಲೇ ಬಂದಿತ್ತು. ಅವರ ಹೋರಾಟ ಶುರುವಾದದ್ದು ಭೀಮಣ್ಣನ ಮೊಳಕೈಯಿಂದ.

ಭೀಮಣ್ಣ ಯಾದಗಿರಿ ಕಡೆಯವನು. ಮೆಟ್ರೋ ನಿಲ್ದಾಣದಾಚೆಯ ಅಪಾರ್ಟ್‌ಮೆಂಟೊಂದರಲ್ಲಿ ಕಾವಲುಗಾರ. ಕೆಲಸಕ್ಕೆ ಹೋಗಲು ಅವನಿಗಿದ್ದದ್ದು ಒಂದು ಹಳೆಯ ಸೈಕಲ್ ಮಾತ್ರ. ನಮ್ಮ ಕಾಲೊನಿಯಿಂದ ನಿಲ್ದಾಣದವರೆಗೆ ರಸ್ತೆಯಂಚಿಗೆ ಹಸಿರು ಬಣ್ಣ ಬಳಿದು, ಸೈಕಲ್ಲಿನ ಚಿತ್ರ ಬರೆದು ಹೋಗಿದ್ದರಷ್ಟೆ. ಬಣ್ಣ ಆರುವುದರೊಳಗೆ ಕಾರುಗಳು ಅದರ ಮೇಲೆ ಸಾಲುಗಟ್ಟಿ ನಿಂತವು. ಅವುಗಳ ಪಕ್ಕದಿಂದ ಸಾಗುತ್ತಿದ್ದ ಭೀಮಣ್ಣನಿಗೆ ಒಂದು ಕಾರಿನ ಬಾಗಿಲು ತಟ್ಟನೆ ತೆರೆದು ಬಡಿಯಿತು. ಮೊಳಕೈ ಮುರಿಯಿತು. ಅವನಿಗೆ ರೊಟ್ಟಿ ಕೊಡಲು ಹೋದ ನೀಲಕ್ಕ ಮರಳಿ ಬಂದವರೇ ಬಿದಿರು ಹುಡುಕತೊಡಗಿದರು. "ಆ ಹಸರ್ ಪಟ್ಟಿ ಭೀಮಣ್ಣಂದು ಕಾಕಾ. ಅದು ಖಾಲಿ ಆಗೂಮಟ ನನಗ ರೊಟ್ಟಿ ಉಬ್ಬಂಗಿಲ್ಲ" ಎಂದರು.

ನಗರಪಾಲಿಕೆಯ ಕಚೇರಿಗೆ ಅವರೊಡನೆ ನಾನೂ ಅಲೆದೆ. ಅರ್ಜಿಯನ್ನು ನಾನು ಬರೆಯುತ್ತಿದ್ದೆ. ಅದರಲ್ಲಿಲ್ಲದ್ದನ್ನೆಲ್ಲ ಅವರು ಹೇಳುತ್ತಿದ್ದರು. ಕೊನೆಗೊಂದು ಫಲಕ ಬಂತು: ಇಲ್ಲಿ ವಾಹನ ನಿಲ್ಲಿಸಬಾರದು. ಎಳನೀರಿನವನು ಅದಕ್ಕೆ ತನ್ನ ಛತ್ರಿ ಕಟ್ಟಿದ. ಛತ್ರಿಯ ನೆರಳು ಸಿಕ್ಕಿತೆಂದು ಇನ್ನೊಂದು ಕಾರು ಹೆಚ್ಚಿಗೆ ನಿಂತಿತು.

ಆಮೇಲೆ ಧನುರ್ಮಾಸ ಬಂತು. ಆ ತಿಂಗಳು ನಮ್ಮ ಕಡೆ ಬೆಳಗಾಗುವ ಮೊದಲೇ ಹೆಂಗಸರು ಬಾಗಿಲಿನಿಂದ ನಡುರಸ್ತೆಯವರೆಗೆ ರಂಗೋಲಿ ಹರಡುತ್ತಾರೆ. ತೆಲುಗಿನವರು ಅದನ್ನು ಮುಗ್ಗು ಎನ್ನುತ್ತಾರೆ. ಒಂದು ಮುಂಜಾನೆ ನೀಲಕ್ಕ ಮೆಟ್ಟಿಲ ಬುಡದಿಂದಲೇ ಕೂಗಿದರು: "ಕಾಕಾ, ಲಗೂನ ಬರ್ರಿ! ಟ್ಯಾಂಕರ್ ಹಿಂದಕ್ಕ ಹೊಂಟೈತಿ!" ಇಳಿದು ನೋಡಿದೆ. ಹೈದರಾಬಾದಿನಲ್ಲಿ ಯಾರಿಗೂ ದಾರಿ ಬಿಡದ ನೀರಿನ ಟ್ಯಾಂಕರು, ಎದುರಿನ ಮನೆಯ ರಂಗೋಲಿ ಕೆಡದಂತೆ, ಉಸಿರು ಬಿಗಿಹಿಡಿದಂತೆ ಹಿಂದಕ್ಕೆ ಸರಿಯುತ್ತಿತ್ತು. ನೀಲಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಮನಶ್ಯಾನ ಮ್ಯಾಲೆ ಬರಾಕ ಅಂಜಂಗಿಲ್ಲ ಇಂವಾ, ಹಿಟ್ಟಿಗೆ ಅಂಜತಾನ ನೋಡ್ರಿ!"

ಮರುದಿನ ಮುಂಜಾನೆ ಕಾಲೊನಿಯ ಹೆಂಗಸರನ್ನೆಲ್ಲ ಅವರು ಬೀದಿಗಿಳಿಸಿದರು. ಕಾರುಗಳು ಹೊರಹೋದಂತೆ ಹಸಿರು ಪಟ್ಟೆಯ ಮೇಲೆ ತೆರವಾದ ಜಾಗದಲ್ಲೆಲ್ಲ ಕಮಲ, ನವಿಲು, ಕಬ್ಬಿನ ಜಲ್ಲೆಗಳು ಅರಳಿದವು. ಸಂಜೆ ಮರಳಿದ ಕಾರುಗಳು ನಿಂತು, ನೋಡಿ, ಮುಂದೆ ಹೋದವು. ಕಾಲೊನಿ ಸಂಘದ ಅಧ್ಯಕ್ಷರು ಗಾಜು ಇಳಿಸಿ, "ಅಕ್ಕಾ, ಹಿಂಗ ಮಾಡಿದ್ರ ನಾ ಕಾರ್ ಎಲ್ಲಿ ನಿಲ್ಲಸ್ಲಿ?" ಎಂದು ಗೋಳಾಡಿದರು.

"ನಿಮ್ಮನ್ಯಾಗ ಹಾಲ್ ದೊಡ್ಡದೈತಲ್ಲ, ಸೋಫಾ ಸರಸ್ರಿ."

ಗೆದ್ದೆವೆಂದು ನಾವು ಹಿಗ್ಗುತ್ತಿರುವಾಗಲೇ ಭೀಮಣ್ಣ ಬಂದ. ಮೊಳಕೈ ಕೂಡಿ ಮೊದಲ ಬಾರಿಗೆ ಕೆಲಸಕ್ಕೆ ಹೊರಟಿದ್ದ. ಹಸಿರು ಪಟ್ಟೆಯ ತುದಿಯಲ್ಲಿ ಸೈಕಲ್ಲಿನಿಂದ ಇಳಿದು, ಚಪ್ಪಲಿ ಬಿಟ್ಟು, ರಂಗೋಲಿಗೆ ಕೈಮುಗಿದು, ಸೈಕಲ್ಲನ್ನು ಬಸ್ಸುಗಳ ನಡುವೆ ತಳ್ಳಿಕೊಂಡು ನಡೆಯತೊಡಗಿದ!

"ಏ ಭೀಮಣ್ಣ! ನಿನ್ನ ಸಲುವಾಗೇ ಹಾಕೀವೋ, ಅದರ ಮ್ಯಾಲೆ ಹೋಗೋ!" ಎಂದು ನೀಲಕ್ಕ ಅರಚಿದರು.

"ಬ್ಯಾಡ್ರಿ ಅಕ್ಕಾ, ಲಕ್ಷ್ಮೀನ ತುಳದಂಗ ಆಕ್ಕೈತಿ."

"ಬಸ್ ನಿನ್ನ ತುಳದ್ರ?"

"ಅದು ಬಸ್ಸಿನ ಪಾಪರಿ."

ಅವನನ್ನು ಒಪ್ಪಿಸಲು ಯಾರಿಂದಲೂ ಆಗಲಿಲ್ಲ. ಅವನ ಹಿಂದೆ ಬಂದ ಹಾಲಿನವನೂ ಇಳಿದ, ಗಾರೆ ಕೆಲಸದವರೂ ಇಳಿದರು. ನೀಲಕ್ಕ ಮರುಮುಂಜಾನೆ ಪೊರಕೆ ಹಿಡಿದು ಪಟ್ಟೆಯ ನಡುಭಾಗವನ್ನೆಲ್ಲ ಗುಡಿಸಿ ತೆಗೆದರು. ಎರಡು ಅಂಚಿಗೂ ಬಳ್ಳಿ ಬಿಡಿಸಿ, ನಡುವೆ ಒಂದು ಸೈಕಲ್ ಸಾಗುವಷ್ಟು ಬರಿನೆಲ ಉಳಿಸಿದರು. ಕಾರು ಬಳ್ಳಿಯನ್ನು ಮೆಟ್ಟದೆ ಒಳಬರುವಂತಿರಲಿಲ್ಲ. ಭೀಮಣ್ಣ ಯಾವುದನ್ನೂ ಮೆಟ್ಟದೆ ಸಾಗುವಂತಿತ್ತು. ಅವನು ಸೀಟಿನ ಮೇಲೆ ಮದುಮಗನಂತೆ ನೆಟ್ಟಗೆ ಕುಳಿತು ಹಾದುಹೋದದ್ದನ್ನು ನಾನು ಕಂಡಿದ್ದೇನೆ. ಆ ವಿನ್ಯಾಸ ನೀಲಕ್ಕನ ಜಾಣ್ಮೆಯೆಂದು ಈಗ ಎಲ್ಲರೂ ಹೊಗಳುತ್ತಾರೆ. ಅರ್ಧ ಪಾಲು ಭೀಮಣ್ಣನ ಹಟದ್ದು ಎಂದು ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ಸಂಕ್ರಾಂತಿ ಮುಗಿದರೂ ನೀಲಕ್ಕ ನಿಲ್ಲಿಸಲಿಲ್ಲ. ರೊಟ್ಟಿ ಕೊಟ್ಟು ಮರಳುವಾಗ ಮಾಸಿದ ಬಳ್ಳಿಗಳಿಗೆ ಎಲೆ ಕೂಡಿಸುತ್ತಿದ್ದರು. ಭಾನುವಾರಗಳಂದು ಬಣ್ಣದ ಶಿರಸ್ತ್ರಾಣ ತೊಟ್ಟು ಬರುತ್ತಿದ್ದ ಸವಾರರ ಕೈಗೂ ರಂಗೋಲಿ ಹಿಟ್ಟು ಕೊಟ್ಟು ಕೂರಿಸಿದ್ದುಂಟು. ನನಗೂ ಕಲಿಸಲು ನೋಡಿದರು. "ಕಾಕಾ, ನಿಮ್ಮ ಗೆರಿ ಯಾಕ ಹಿಂಗ ಹಾದಿ ತಪ್ಪಿದ ಕತ್ತೆ ಆಗೈತಿ?" ಎಂದು ನಕ್ಕು, ಹಿಟ್ಟಿನ ಡಬ್ಬಿ ಕಸಿದುಕೊಂಡರು.

ಕಳೆದ ಮಳೆಗಾಲದಲ್ಲಿ ಅವರು ಜ್ವರದಿಂದ ಮಲಗಿದರು. ಕೊನೆಯ ಬಾರಿ ನೋಡಲು ಹೋದಾಗ ಕಣ್ಣು ತೆರೆಯದೆಯೇ, "ಪಟ್ಟಿ ಖಾಲಿ ಐತೇನ್ರಿ?" ಎಂದು ಕೇಳಿದರು. ಐತಿ ಎಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಅವರ ಶ್ರದ್ಧಾಂಜಲಿ ಸಭೆ ಸಂಘದ ಸಭಾಂಗಣದಲ್ಲಿ ನಡೆಯಿತು. ಅಧ್ಯಕ್ಷರು ಎರಡು ಗಲ್ಲಿಯಾಚೆಯ ಮನೆಯಿಂದ ಕಾರಿನಲ್ಲಿ ಬಂದಿದ್ದರು. ಪರಿಸರ, ತ್ಯಾಗ, ಕಾರು ಬಿಟ್ಟ ಕಥೆ ಎಲ್ಲವೂ ಬಂದವು. ನಾನು ಎದ್ದು ಹೊರಗೆ ಬಂದೆ. ರಂಗೋಲಿಯನ್ನು ಮಳೆ ತೊಳೆದು ಒಯ್ದಿತ್ತು; ಹಸಿರು ಪಟ್ಟೆಯ ಮೇಲೆ ಒಂದರ ಹಿಂದೊಂದು ಕಾರು. ಅದೇ ಹೊತ್ತಿಗೆ ಭೀಮಣ್ಣ ಬಸ್ಸುಗಳ ನಡುವೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ನನ್ನನ್ನು ಕಂಡು ನಿಂತ.

"ಹಿಟ್ಟಿನ ಡಬ್ಬಿ ಅಕ್ಕನ ಕಿಟಕ್ಯಾಗೇ ಐತ್ರಿ" ಎಂದ ಅವನು.

ಭೀಮಣ್ಣ ರಸ್ತೆಯ ಕಡೆಗೆ ಸೈಕಲ್ಲನ್ನು ಅಡ್ಡ ಹಿಡಿದು ಬಸ್ಸುಗಳಿಂದ ನನ್ನನ್ನು ಕಾದ. ನಾನು ಕುಕ್ಕರುಗಾಲಿನಲ್ಲಿ ಕುಳಿತು, ಕಾರುಗಳ ಸಾಲಿನ ಸುತ್ತಲೂ, ಯಾವ ಚಕ್ರವೂ ಮೆಟ್ಟದೆ ಹೊರಬರಲಾಗದಂತೆ, ನನಗೆ ಬಂದ ಹಾಗೆ ಬಳ್ಳಿ ಬಿಡಿಸಿದೆ. ಎಲೆಗಳು ಬದನೆಕಾಯಿಗಳಂತಾದವು.

ಸಭೆ ಮುಗಿಸಿ ಬಂದವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಅಧ್ಯಕ್ಷರ ಕೈಯಲ್ಲಿ ಕಾರಿನ ಕೀಲಿ ಇತ್ತು. "ಯಾರು ಹಾಕಿದ್ರಿದು?" ಎಂದು ಕೇಳಿದರು.

"ನೀಲಕ್ಕಂದು ಐತ್ರಿ" ಎಂದ ಭೀಮಣ್ಣ, ಕಣ್ಣು ಮಿಟುಕಿಸದೆ.

"ನೀಲಕ್ಕನ ಗೆರಿ ಹಿಂಗ ಸೊಟ್ಟ ಇರ್ತಿದ್ದಿಲ್ಲಲ್ಲೋ."

"ಭಾಳ ದೂರದಿಂದ ಹಾಕ್ಯಾರ್ರಿ."

ಅಧ್ಯಕ್ಷರು ಕೀಲಿಯನ್ನು ಜೇಬಿಗಿಳಿಸಿ, ಬಳ್ಳಿಯನ್ನು ಜಾಗರೂಕತೆಯಿಂದ ದಾಟಿ, ಎರಡು ಗಲ್ಲಿಯಾಚೆಯ ಮನೆಗೆ ನಡೆದೇ ಹೋದರು. ಉಳಿದವರೂ ನಡೆದರು. ಬೆನ್ನ ಹಿಂದೆ ಹಿಟ್ಟಿನ ಕೈ ಮುಚ್ಚಿಕೊಂಡು ನಿಂತಿದ್ದ ನಾನು, ಭೀಮಣ್ಣ ಹೇಳಿದ್ದನ್ನು ತಿದ್ದಲಿಲ್ಲ.