ಟ್ಯಾಂಕಿಗೆ ಮೇಣ ಇಳಿಸಿದ್ದು

ಕಿರವತ್ತಿಯ ನಮ್ಮ ಮನೆಯಲ್ಲಿ ನಾನು ಮೇಣಬತ್ತಿ ಮಾಡುತ್ತೇನೆ. ಅತ್ತೆಗೆ ಕೀಲುನೋವು. ಚಳಿಗಾಲದ ಬೆಳಗಿನಲ್ಲಿ ಅವರ ಬೆರಳು ಮಡಚಿದ್ದು ಬಿಚ್ಚುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಕೂತ ಮೇಲೆಯೇ ಚಹಾದ ಕಪ್ಪು ಹಿಡಿಯಲು ಬರುವುದು. ಉಬ್ಬಸವೂ ಇದ್ದುದರಿಂದ ಡಾಕ್ಟರು ಹೊಗೆಯ ಹತ್ತಿರ ಹೋಗಬೇಡಿ ಎಂದರು. ಬಚ್ಚಲ ಒಲೆ ತೆಗೆಸಿ ಸೋಲಾರ್ ಹಾಕಿಸಿದೆವು. ಆದರೆ ಸಂಜೆ ಕೈ ಸುಡುತ್ತಿದ್ದ ನೀರು ಬೆಳಗಾಗುವಷ್ಟರಲ್ಲಿ ಉಗುರುಬೆಚ್ಚಗೂ ಇರುತ್ತಿರಲಿಲ್ಲ.

ಸೋಲಾರ್ ಹಾಕಿದವನನ್ನು ಕರೆಸಿದೆ. "ಥಂಡ್ಯಾಗ ಇಷ್ಟರೀ ಅಕ್ಕಾರ. ಹೊತ್ತು ಮುಳುಗಿದ ಮ್ಯಾಲೆ ನಾ ಏನ್ ಮಾಡ್ಲಿ?" ಎಂದ.

ನಾನು ಒಪ್ಪಲಿಲ್ಲ. ಅಚ್ಚಿಗೆ ಹೊಯ್ದು ಉಳಿದ ಮೇಣ ಪೂರ್ತಿ ಗಟ್ಟಿಯಾಗುವವರೆಗೂ ಅದರ ಪಾತ್ರೆ ಆರುವುದಿಲ್ಲ; ಪಕ್ಕದಲ್ಲಿಟ್ಟ ನೀರು ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಇದನ್ನು ದಿನವೂ ನೋಡುತ್ತಿದ್ದೆ. ಕರಗುವಾಗ ನುಂಗಿದ ಬಿಸಿಯನ್ನು ಮೇಣ ಗಟ್ಟಿಯಾಗುವಾಗ ಹೊರಗೆ ಬಿಡುತ್ತದೆ ಎಂದು ಹತ್ತನೇ ಇಯತ್ತೆಯಲ್ಲಿ ಓದಿದ್ದೆ. ಗುಪ್ತೋಷ್ಣ ಎಂಬ ಶಬ್ದವನ್ನು ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ.

ಪೈಪಿನ ತುಂಡುಗಳಿಗೆ ಮೇಣ ತುಂಬಿ, ಎರಡೂ ಕಡೆ ತಿರುಪಿನ ಮುಚ್ಚಳ ಬಿಗಿದು, ಟ್ಯಾಂಕಿನೊಳಗೆ ಇಳಿಸುವುದೆಂದು ಲೆಕ್ಕ ಹಾಕಿದೆ.

"ಟ್ಯಾಂಕ್ ಬಿಚ್ಚಿದ್ರ ಗ್ಯಾರಂಟಿ ಹೋಗ್ತದ್ರೀ," ಎಂದ ಅವನು.

"ಹೋಗ್ಲಿ. ಗ್ಯಾರಂಟಿ ಕಾಗದದಾಗ ನಮ್ಮತ್ತಿ ಕೈ ಕಾಸ್ಕೊಳ್ಳಾಕ ಬರೂದಿಲ್ಲ."

ಟ್ಯಾಂಕು ನಾನೇ ಬಿಚ್ಚಿ ಪೈಪು ಇಳಿಸಿದೆ. ಮೂರನೇ ದಿನ ಬಕೆಟ್ಟಿನ ತುಂಬ ಮೇಣದ ಬಿಳಿ ಚೂರು ತೇಲಿದವು. ವಿಷಯ ತಿಳಿದು ಅವನು ಅಂಗಡಿಯಲ್ಲಿ ನಾಲ್ಕು ಜನರೆದುರು, "ಸುಮ್ನ ಮೇಣಬತ್ತಿ ಮಾಡ್ಕೋತ ಇರ್ರಿ ಅಕ್ಕಾರ. ಇದು ನಿಮ್ಮ ಕೆಲಸ ಅಲ್ಲ," ಎಂದು ನಕ್ಕ. ಅವಮಾನಕ್ಕಿಂತ ನನ್ನ ಮೇಲೆಯೇ ಸಿಟ್ಟು ಬಂತು. ಗಟ್ಟಿಯಾಗುವಾಗ ಮೇಣಬತ್ತಿಯ ತಲೆ ಕುಳಿ ಬೀಳುತ್ತದೆ. ಅಂದರೆ ಕರಗಿದ ಮೇಣ ಉಬ್ಬುತ್ತದೆ. ಇಷ್ಟು ವರ್ಷ ಆ ಕುಳಿ ತುಂಬಿಸಿದವಳು ಪೈಪನ್ನು ಕಂಠಮಟ್ಟ ತುಂಬಿದ್ದೆ. ಎಲ್ಲ ಹೊರತೆಗೆದು, ಉಬ್ಬಲು ಜಾಗ ಬಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ ಮತ್ತೆ ಇಳಿಸಿದೆ.

ಮರುದಿನ ಬೆಳಗ್ಗೆ ಅತ್ತೆ ಕೈ ಅದ್ದಿ ಬೆರಳು ಒಂದೊಂದಾಗಿ ಬಿಚ್ಚಿದರು.

"ಖರೇನ ಇದು ನಿನ್ನಿ ಬಿಸಲ?"

"ಹೌದ್ರಿ."

"ಹಂಗಾದ್ರ ಇನ್ನೊಂದ್ ತಂಬಿಗಿ ಹಾಕು."

ಮೋಡ ಕವಿದ ದಿನ ಮೇಣ ಕರಗುವುದಿಲ್ಲ. ಆಗ ಗ್ಯಾಸಿನ ಮೇಲೆ ನೀರು ಕಾಸುತ್ತೇನೆ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ.

ಸುದ್ದಿ ಹರಡಿತು. ಅಂಗನವಾಡಿ ಟೀಚರು ತಮ್ಮ ಟ್ಯಾಂಕಿಗೂ ಮೇಣ ಇಳಿಸಿಕೊಡಿ ಎಂದು ಕೇಳಿದರು. ಸೋಲಾರಿನವನು ತಾನೇ ಮನೆಗೆ ಬಂದ. "ನೀವು ಮೇಣ ಅಷ್ಟ ಕೊಡ್ರಿ, ಉಳಿದದ್ದು ನಾ ನೋಡ್ಕೋತೀನಿ."

"ಪೈಪು ತುಂಬಾಕಿ ನಾನ, ಟ್ಯಾಂಕಿಗೆ ಇಳಸಾಕಿನೂ ನಾನ. ಒಪ್ಪಿಗಿ ಇದ್ರ ಬರ್ರಿ."

ವಿಚಾರ ಮಾಡಿ ಹೇಳುತ್ತೇನೆಂದು ಹೋದ. ನಾನು ಕಾಯಲಿಲ್ಲ. ಮುಂದಿನ ವಾರ ಸೆರಗು ಸಿಕ್ಕಿಸಿಕೊಂಡು, ನಟ್ಟು ಬಿಚ್ಚುವ ಪಾನಾ ಹಿಡಿದು, ಅಂಗನವಾಡಿ ಟೀಚರ ಮನೆಯ ತಾರಸಿ ಹತ್ತಿದೆ.