ಅಕ್ಕನ ದಳವಾಯಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಹೊಗೆಸೊಪ್ಪಿನಿಂದ ಹಳದಿಗಟ್ಟಿ, ಬೀಡಿಯ ಬಾಯಿ ಮಡಚಲೆಂದೇ ಬೆಳೆದಂತೆ ಉದ್ದವಾಗಿತ್ತು. ಕಥೆಯಲ್ಲಿ ದಳವಾಯಿ ಕುದುರೆ ಏರಿದನೆಂದರೆ ಆ ಬೆರಳು ಮೇಲೇಳುತ್ತಿತ್ತು. ನಮ್ಮೆಲ್ಲರ ಕೈ ನಿಲ್ಲುತ್ತಿತ್ತು.

ಕುಕ್ಕುಂದೂರಿನಲ್ಲಿ, ರೇಡಿಯೋ ಇನ್ನೂ ಬಾರದ ನಮ್ಮ ಜಗಲಿಯಲ್ಲಿ ಐದಾರು ಹೆಂಗಸರು ಬೀಡಿ ಕಟ್ಟುತ್ತಿದ್ದೆವು. ಕಾರ್ಕಳದ ಅರಸರಿಗಿದ್ದ ದಳವಾಯಿಯೊಬ್ಬನ ಜೀವನವನ್ನು ಅಕ್ಕ ದಿನಕ್ಕಿಷ್ಟು ಎಂದು ಹೇಳುವಳು. ಹದಿನಾರಕ್ಕೆ ಕತ್ತಿ ಹಿಡಿದದ್ದು, ಕಾಪುವಿನ ಕಡಲಲ್ಲಿ ಪರಂಗಿಯವರ ಹಡಗನ್ನು ಹಿಂದಕ್ಕೆ ಕಳುಹಿಸಿದ್ದು. ಎಲ್ಲ ಅಜ್ಜ ಅವಳಿಗೆ ಹೇಳಿದ್ದು. ನಾನು ಅಜ್ಜನ ಬಳಿ ಕೂತವಳಲ್ಲ, ಶಾಲೆಯಲ್ಲಿಯೂ ಮೂರನೆಯ ಕ್ಲಾಸು ದಾಟಿದವಳಲ್ಲ. ಹೇಳುವಾಗ ಅವಳ ಕೈ ನಿಧಾನವಾಗುತ್ತದೆಂದು ಎಲ್ಲರೂ ತಾವು ಕಟ್ಟಿದ್ದರಲ್ಲಿ ಒಂದು ಹಿಡಿ ಅವಳ ಮೊರಕ್ಕೆ ಹಾಕುವುದು ರೂಢಿ.

ದಳವಾಯಿ ಹೊಳೆ ದಾಟಲು ಮೂರು ದಿನ ಹಿಡಿದರೆ ನೆರೆಮನೆಯ ಬ್ಯಾರಿ ಅಜ್ಜಿ, "ಎಂತ ಮಾರಾಯ್ತಿ, ಅವನಿಗೆ ದೋಣಿ ಸಿಗಲಿಲ್ವಾ?" ಎನ್ನುವರು.

"ಗಂಜಿ ಉಣ್ಣುತ್ತಿದ್ದಾನೆ. ದಳವಾಯಿಗೂ ಹೊಟ್ಟೆ ಉಂಟಲ್ವಾ?" ಎನ್ನುವಳು ಅಕ್ಕ.

ಇಕ್ಕೇರಿಯ ದಂಡು ಘಟ್ಟ ಇಳಿಯುವ ಹೊತ್ತಿಗೆ ಸರಿಯಾಗಿ ಅಕ್ಕ ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋದಳು. ಅವಳ ಜಾಗದಲ್ಲಿ ನಾನು ಕೂತೆ. ಎಲ್ಲರೂ ಒಮ್ಮೆ ನನ್ನ ಬಾಯಿಯನ್ನೂ ನೋಡಬೇಕೆಂಬ ಆಸೆ ನನಗೆ. ಹತ್ತು ನಿಮಿಷ ಯುದ್ಧ ಮಾಡಿಸಿದೆ. ಮುಂದೆ ಎಂತ ಮಾಡಿಸುವುದೆಂದು ತಿಳಿಯದೆ ಅವನನ್ನು ಕುದುರೆಯಿಂದ ಬೀಳಿಸಿ ಕೊಂದೆ.

"ಅಷ್ಟು ದೊಡ್ಡ ಮನುಷ್ಯನನ್ನು ಹೀಗಾ ಬೀಳಿಸುವುದು? ನೀನು ಕುದುರೆ ನೋಡಿದ್ದುಂಟಾ?" ಎಂದರು ಬ್ಯಾರಿ ಅಜ್ಜಿ.

"ಅಜ್ಜ ಹೇಳಿದ್ದೇ ಹೀಗೆ" ಎಂದು ಸುಳ್ಳು ಹೇಳಿದೆ.

ಮರುದಿನ ಎಲ್ಲರೂ ಅಕ್ಕನನ್ನು ಮುತ್ತಿಕೊಂಡರು. "ನಿನ್ನ ತಂಗಿ ಹೇಳಿದ್ದು ಹೌದಾ?" ಅಲ್ಲ ಎಂದಿದ್ದರೆ ಕಥೆ ಉಳಿಯುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಅಕ್ಕ ನನ್ನ ಮುಖ ನೋಡಿದಳು.

"ಹೌದು. ಕುದುರೆಯೇ ಕೈಕೊಟ್ಟದ್ದು" ಎಂದಳು.

ಅಂದಿನಿಂದ ಅವಳೂ ನಮ್ಮ ಹಾಗೆ ಸುಮ್ಮನೆ ಬೀಡಿ ಕಟ್ಟಿದಳು. ಬೇರೆ ಕಥೆ ಹೇಳೆಂದರೆ, "ನನಗೆ ಗೊತ್ತಿದ್ದವನು ಅವನೊಬ್ಬನೇ" ಎಂದು ನಗುವಳು.

ಕೆಲವು ವರ್ಷಗಳ ಬಳಿಕ ಅವಳು ಹಾಸಿಗೆ ಹಿಡಿದಾಗ, ತಲೆ ಬಾಚುತ್ತಾ ಕೇಳಿದೆ: "ಅಕ್ಕಾ, ಅವ ನಿಜವಾಗಿ ಹೇಗೆ ಸತ್ತದ್ದು?"

"ಕೊಂದವಳು ನೀನು. ನನ್ನ ಹತ್ರ ಕೇಳ್ತೀಯಲ್ಲ ಮಾರಾಯ್ತಿ" ಎಂದು ಕೆಮ್ಮು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಹೇಳುವಳೆಂದು ಕಾದೆ. ನಿದ್ದೆ ಹೋದಳು. ಆ ವಾರವೇ ತೀರಿಕೊಂಡಳು.

ಬ್ಯಾರಿ ಅಜ್ಜಿಯ ಮೊಮ್ಮಕ್ಕಳು ಈಗಲೂ ದಳವಾಯಿ ಕುದುರೆಯಿಂದ ಬಿದ್ದು ಸತ್ತನೆಂದೇ ಹೇಳುತ್ತಾರೆ. ಅಲ್ಲ ಎನ್ನಲು ಬಾಯಿ ತೆರೆಯುತ್ತೇನೆ. ಮತ್ತೆ ಹೇಗೆ ಎಂದು ಅವರು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ.