ಜಸ್ಟ್ ಎ ಮಿನಿಟ್ ಅಂದರೆ ಎರಡು ವರ್ಷ

ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಖಾನಾವಳಿಯ ಅನ್ನ ತಿಂದು ನಾನು ಚೊಕ್ಕಟವಾಗಿ ಕಲಿತದ್ದು ಒಂದೇ ವಿದ್ಯೆ, ಇಂಗ್ಲಿಷಿನಲ್ಲಿ ಜನರನ್ನು ಕಾಯಿಸುವುದು. ಉಳಿದ ಇಂಗ್ಲಿಷೆಲ್ಲ ಪರೀಕ್ಷೆಯ ಪೇಪರಿನ ಜೊತೆಗೇ ಹೋಯಿತು; ಇದೊಂದು ಮಾತ್ರ ಮೈಗೆ ಅಂಟಿಕೊಂಡಿತು. ನಗಬೇಡಿ. ಈ ವಿಷಯದಲ್ಲಿ ಇಂಗ್ಲಿಷರು ಎಷ್ಟು ಮುಂದುವರಿದವರೆಂಬುದು ನಮ್ಮ ಕಡೆ ಇನ್ನೂ ಯಾರ ಗಮನಕ್ಕೂ ಬಂದಂತಿಲ್ಲ.

ನಮ್ಮ ಹಾನಗಲ್ಲಿನಲ್ಲಿ ಒಬ್ಬನನ್ನು ನಿಲ್ಲಿಸಬೇಕಾದರೆ ‘ತಡಿ’ ಅನ್ನುತ್ತೇವೆ. ದೊಡ್ಡವರಾದರೆ ‘ತಡೀರಿ’. ಅಲ್ಲಿಗೆ ನಮ್ಮ ಭಂಡಾರ ಖಾಲಿ. ಇನ್ನೊಂದು ಉಪಾಯವುಂಟು: ‘ಬಂದ್ನಿ, ಬಂದ್ನಿ’ ಎಂದು ಒಳಗಿನಿಂದ ಕೂಗುತ್ತ ಬಾರದೆ ಇರುವುದು. ಇನ್ನೂ ಜಳಕಕ್ಕೇ ಏಳದವನು ‘ಬಂದ್ನಿ’ ಅನ್ನುತ್ತಾನೆ, ಕಟ್ಟೆಯ ಮೇಲೆ ಕುಳಿತವನೂ ಅದನ್ನು ನಂಬಿ ಎಲೆ ಅಡಿಕೆ ಚೀಲ ಬಿಚ್ಚುತ್ತಾನೆ. ಇಂಗ್ಲಿಷಿನಲ್ಲಿ ಹಾಗಲ್ಲ. ಕಚೇರಿಯ ಜವಾನ ಪಟ್ಟೇವಾಲನಿಗೆ ಬರೀ ‘ವೇಟ್’. ಸರೀಕನಿಗೆ ‘ವೇಟ್ ಪ್ಲೀಜ್’. ಮರ್ಯಾದಸ್ಥನಿಗೆ ‘ಜಸ್ಟ್ ಎ ಮಿನಿಟ್’. ಅವಸರದವನಿಗೆ ‘ಹಾಫ್ ಎ ಮಿನಿಟ್’, ಅದನ್ನೂ ತಾಳದವನಿಗೆ ‘ಒನ್ ಸೆಕೆಂಡ್’. ಕಾಯಬೇಕಾದ ಹೊತ್ತು ಮಾತ್ರ ಎಲ್ಲರಿಗೂ ಒಂದೇ. ತೀರ ತಡವಾದರೆ ‘ಬೇರ್ ವಿತ್ ಮಿ’, ಅಂದರೆ ನನ್ನನ್ನು ಸಹಿಸಿಕೊಳ್ಳಿರಿ. ನಮ್ಮಲ್ಲಿ ಹಾಗೆ ಯಾರೂ ಕೇಳಿಕೊಂಡದ್ದನ್ನು ನಾನು ಕಂಡಿಲ್ಲ. ಸಹಿಸಿಕೊಳ್ಳುತ್ತಾರೆಂದು ಹಿಡಿದೇ ನಡೆಯುತ್ತೇವೆ.

ಸವಣೂರಿನವರನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಬೇಕು. ನವಾಬರ ಊರು ನೋಡಿ. ಅಲ್ಲಿ ವೀಳ್ಯದೆಲೆ ಕೊಳ್ಳಲು ನಿಂತವನಿಗೂ ಎದೆಯ ಮೇಲೆ ಕೈಯಿಟ್ಟು ‘ಜರಾ ಠಹರಿಯೇ’, ತುಸು ನಿಲ್ಲೋಣವಾಗಲಿ, ಅನ್ನುತ್ತಾರೆ. ಹಾಗೆ ಹೇಳಿಸಿಕೊಂಡವನಿಗೆ ಸಂಜೆಯ ತನಕ ನಿಂತರೂ ಕಾಲು ನೋಯುವುದಿಲ್ಲ. ಇನ್ನು ನಮ್ಮ ಹಿಂದಿನವರಿಗಂತೂ ಮಿನಿಟಿನ ಹಂಗೇ ಇರಲಿಲ್ಲ. ಒಂದು ತುಂಡು ಹೊಲ ದಾನ ಕೊಟ್ಟರೂ ‘ಸೂರ್ಯಚಂದ್ರರಿರುವ ತನಕ’ ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಆಡೂರಿನ ಶಾಸನದ ಕಲ್ಲುಗಳನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಅರ್ಧ ಮಿನಿಟಿನ ಲೆಕ್ಕ ಹೇಗೆ ತಿಳಿದೀತು?

ಅಪ್ಪನದು ಹಾನಗಲ್ಲಿನ ಪೇಟೆಯಲ್ಲಿ ಅಕ್ಕಿ ದಲಾಲಿ ಅಂಗಡಿ. ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ನಾನು ಬಿ.ಎ. ಮುಗಿಸಿ ಬಂದ ದಿನವೇ ಅವನ ಮೇಲೆ ನನ್ನ ವಿದ್ಯೆ ಪ್ರಯೋಗಿಸಿದೆ. ಊಟಕ್ಕೆ ಕರೆದ; ‘ಜಸ್ಟ್ ಎ ಮಿನಿಟ್, ಅಪ್ಪಾ’ ಅಂದೆ. ಆಮೇಲೆ ಹೋಗಿ ನೋಡಿದರೆ ಅಪ್ಪ ಉಂಡು ಕೈ ತೊಳೆದಿದ್ದ. ನನ್ನ ಪಾಲಿನ ಕೆನೆಮೊಸರೂ ಅವನ ಹೊಟ್ಟೆ ಸೇರಿತ್ತು.

“ನಿನ್ನ ಮಿನಿಟು ರೊಟ್ಟಿ ಬಿಸಿ ಇಡತೈತೇನು?” ಅಂದಳು ಅವ್ವ.

ಹೀಗಿರುವಾಗ ಹಿರೇಕೆರೂರಿನ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಗೌರಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಓಡುತ್ತಿರಲಿಲ್ಲ. ಅಪ್ಪ, ಅವ್ವ, ಕಾಕಾ ಮತ್ತು ನಾನು ಅರ್ಧ ದಾರಿ ಬಸ್ಸಿನಲ್ಲಿ ಕುಳಿತು, ಅರ್ಧ ದಾರಿ ಅದನ್ನು ನೂಕಿ ಕನ್ಯೆ ನೋಡಲು ಮುಟ್ಟಿದೆವು. ವರನ ಮುಖ ಹೇಗಿದ್ದಿರಬೇಕೆಂದು ನೀವೇ ಊಹಿಸಿಕೊಳ್ಳಿ.

ಕನ್ಯೆ ನೋಡುವಾಗ ಹಿರಿಯರು ಹೆಸರು ಕೇಳಬೇಕು, ಹಾಡು ಹೇಳಿಸಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ವರ ಬಾಯಿ ಬಿಡುವಂತಿಲ್ಲ. ಆದರೆ ನಮ್ಮ ಕಾಕಾನಿಗೆ ನನ್ನ ಬಿ.ಎ. ಮೇಲೆ ನನಗಿಂತ ಹೆಚ್ಚು ಅಭಿಮಾನ.

“ಹುಡುಗಿ ಇಂಗ್ಲಿಷ್ ಕಲ್ತಾಳಂತ. ಕೇಳೋ ತಮ್ಮಾ, ನಾಕು ಮಾತು ಇಂಗ್ಲಿಷಿನ್ಯಾಗ ಕೇಳು,” ಅಂದ.

ಅವಳ ತಂದೆ ಸೆಟೆದು ಕುಳಿತರು. ನಾನು ಹೆಸರು ಕೇಳಿದೆ. ಹೇಳಿದಳು. ತುಂಬಿದ ಪಡಸಾಲೆ ಮಂತ್ರ ಕೇಳಿದಂತೆ ತಲೆದೂಗಿತು. ಮುಂದೇನು ಕೇಳಬೇಕೆಂದು ತಿಳಿಯದೆ, ನಿನಗೆ ಏನಾದರೂ ಕೇಳುವುದಿದೆಯೇ ಎಂದು ಇಂಗ್ಲಿಷಿನಲ್ಲೇ ಅಂದುಬಿಟ್ಟೆ. ಗೌರಿ ತಲೆ ಎತ್ತಲಿಲ್ಲ. ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: “ಪ್ಲೀಜ್ ವೇಟ್ ಟೂ ಇಯರ್ಸ್. ಐ ವಾಂಟ್ ಟು ಗೋ ಟು ಟ್ರೇನಿಂಗ್ ಕಾಲೇಜ್. ಡೋಂಟ್ ಸೇ ನೋ.”

ನಾನು ದಂಗಾದೆ. ಅರ್ಥ ಸ್ಪಷ್ಟವಿತ್ತು. ನಾನು ಹೂಂ ಅಂದು ಈ ವೈಶಾಖದಲ್ಲೇ ಲಗ್ನವಾದರೆ ಅವಳು ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸುವ ಆಸೆಗೆ ಎಳ್ಳುನೀರು. ಒಲ್ಲೆ ಅಂದರೆ ಮುಂದಿನ ವಾರ ಇನ್ನೊಬ್ಬ ವರ ಬಂದು ಹೂಂ ಅನ್ನುತ್ತಾನೆ. ಅವಳಿಗೆ ಬೇಕಾದದ್ದು ಹೂಂ ಅಂದು ಕಾಯುವ ಗಂಡು.

“ಏನಂದ್ಳೋ?” ಅಂದ ಕಾಕಾ.

“ಚಹಾ ಆರಾಕತ್ತೈತಿ, ಕುಡೀರಿ ಅಂದ್ಳು.”

“ಅಷ್ಟಕ್ಕ ಅಷ್ಟುದ್ದ ಮಾತೇನು?”

“ಇಂಗ್ಲಿಷಿನ್ಯಾಗ ಮರ್ಯಾದಿ ಜಾಸ್ತಿ ಕಾಕಾ.”

ಎಲ್ಲರೂ ಚಹಾ ಕುಡಿದರು. ಅಪ್ಪ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಸುರ್ರೆಂದು ಹೀರಿದ. ಆ ಗಳಿಗೆಯಲ್ಲೇ ನನ್ನ ಮನಸ್ಸು ಅವಳ ಕಡೆ ಹೋಗಿಯಾಗಿತ್ತು, ಸುಳ್ಳು ಯಾಕೆ? ಅಷ್ಟು ಮಂದಿಯ ನಡುವೆ ತಲೆ ತಗ್ಗಿಸಿ ಕುಳಿತೇ ತನ್ನ ಕೆಲಸ ಮಾಡಿಕೊಂಡವಳನ್ನು ಬಿಟ್ಟರೆ ನಾನು ಶುದ್ಧ ಹುಚ್ಚ. ಹೂಂ ಅಂದೆ. ಲಗ್ನ ಮಾತ್ರ ಸ್ವಲ್ಪ ತಡೆದು ಮಾಡೋಣ ಅಂದೆ. ಅಲ್ಲಿಯ ತನಕ ಸುಮ್ಮನೆ ಕುಳಿತೇನು ಮಾಡುತ್ತಾಳೆಂದು ಅವಳ ತಂದೆ ಅವಳನ್ನು ಧಾರವಾಡಕ್ಕೆ ಕಳಿಸಿದರು.

ಈಗ ನೋಡಿ ನನ್ನ ಫಜೀತಿ. ಹುಡುಗಿ ಇಂಗ್ಲಿಷಿನಲ್ಲಿ ಒಂದು ಸಲ ಹೇಳಿ ಕೈ ತೊಳೆದುಕೊಂಡಳು. ನಾನು ಅದನ್ನೇ ಕನ್ನಡದಲ್ಲಿ, ಅಪ್ಪನಿಗೆ, ಎರಡು ವರ್ಷ ಹೇಳಬೇಕು! ಮೊದಲು ಹಲ್ಲುನೋವು ಅಂದೆ. ಆಮೇಲೆ ನೌಕರಿ ಹತ್ತಲಿ ಅಂದೆ. ದೇವರು ಕೆಟ್ಟವನು, ಶಿಗ್ಗಾವಿಯ ಶಾಲೆಯಲ್ಲಿ ಕೂಡಲೇ ಹತ್ತಿತು. ಆಗ ರೇಶನ್ನು ಬಂದು ನನ್ನ ಕೈ ಹಿಡಿಯಿತು. ಸಕ್ಕರೆ ಇಲ್ಲದೆ ಬುಂದೇ ಲಾಡು ಹೇಗೆ, ಬುಂದೇ ಲಾಡು ಇಲ್ಲದೆ ಲಗ್ನ ಹೇಗೆ ಎಂದು ಹಟ ಹಿಡಿದೆ.

“ಬೆಲ್ಲದ ಹೋಳಿಗಿ ಮಾಡಿದ್ರಾತಲ್ಲೋ,” ಅಂದಳು ಅವ್ವ.

“ಲಾಡು ಇಲ್ದ ನಾ ಬಾಸಿಂಗ ಕಟಗೊಳ್ಳಾಂವಲ್ಲ,” ಅಂದೆ. ಪೇಟೆಯ ತುಂಬ ನನ್ನ ಹೆಸರು ಲಾಡು ಮಾಸ್ತರ ಎಂದಾಯಿತು.

ಸಕ್ಕರೆಯೂ ಒಂದಿಷ್ಟು ಸಿಕ್ಕಿದಾಗ, ಶಿಗ್ಗಾವಿಯಲ್ಲಿ ನನಗೆ ಸಿಕ್ಕ ಮನೆ ಬಹಳ ಸಣ್ಣದು ಅಂದೆ. ಅಪ್ಪ ನೋಡಲು ಬಂದೇಬಿಟ್ಟ. ಪಡಸಾಲೆ, ಎರಡು ಖೋಲಿ, ಹಿತ್ತಲಿನಲ್ಲಿ ಬಾವಿ. ಹೊಸ ಸಂಸಾರಕ್ಕೆ ಅರಮನೆ. ಅಪ್ಪ ಎಲ್ಲ ತಿರುಗಾಡಿ ನೋಡಿ, “ಹೌದು ಬಿಡು, ಭಾಳ ಸಣ್ಣದೈತಿ,” ಎಂದು ಟೋಪಿ ಹಾಕಿಕೊಂಡು ಹೋದ. ಅಬ್ಬಾ, ನನ್ನ ನಟನೆಯೇ ಎಂದು ನಾನು ಬೀಗಿದೆ.

ಅಷ್ಟರಲ್ಲಿ ಹಿರೇಕೆರೂರಿನಿಂದ ಸುದ್ದಿ ಬಂತು. ಲಾಡು ಮಾಸ್ತರನಿಗೆ ಲಗ್ನ ಬೇಕೋ ಬೇಡವೋ? ಇಲ್ಲಿ ಬೇರೊಂದು ಒಳ್ಳೆಯ ಸಂಬಂಧ ಬಂದಿದೆ. ಅವಳ ಟ್ರೇನಿಂಗ್ ಮುಗಿಯಲು ಇನ್ನೂ ಆರು ತಿಂಗಳಿತ್ತು. ನಿಜ ಹೇಳಿದರೆ ಇದೆಲ್ಲ ಮಗಳದೇ ಹೂಟವೆಂದು ಸಿಟ್ಟಾಗಿ ಅವಳ ತಂದೆ ಅವಳನ್ನು ಕಾಲೇಜು ಬಿಡಿಸುತ್ತಾರೆ, ಹೇಳದಿದ್ದರೆ ಬೇರೆಯವನಿಗೆ ಕೊಡುತ್ತಾರೆ. ಅಪ್ಪ ಮರುದಿನದ ಬಸ್ಸಿಗೆ ಒಬ್ಬನೇ ಹೋಗಿ ಬಂದ.

“ಹೇಳಿ ಬಂದೇನಿ. ತಡೀತಾರ,” ಅಂದ. ಏನು ಹೇಳಿದನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆರು ತಿಂಗಳ ಮೇಲೆ ಲಗ್ನವಾಯಿತು. ಗೌರಿ ಸರ್ಟಿಫಿಕೇಟು ಹಿಡಿದೇ ನಮ್ಮ ಹೊಸ್ತಿಲು ದಾಟಿದಳು. ಮರುದಿನ ಅಂಗಡಿಗೆ ಹೋಗಿ ಅಪ್ಪನ ಗಾದಿಯ ಪಕ್ಕ ಕುಳಿತೆ.

“ಅಪ್ಪಾ, ಆವತ್ತ ಅಕಿ ಅಂದದ್ದು ಚಹಾದ ಮಾತಲ್ಲ,” ಅಂದೆ.

“ಗೊತ್ತೈತಿ. ಟೂ ಅಂದ್ಳು, ವೇಟ್ ಅಂದ್ಳು.”

“ನಿನಗ ಇಂಗ್ಲಿಷ್ ಎಲ್ಲಿಂದ ಬಂತು?” ಅಂದೆ.

“ಹುಬ್ಬಳ್ಳಿಂದ ಅಂಗಡಿಗೆ ಇಂಗ್ಲಿಷಿನ್ಯಾಗ ತಾರು, ತಂತಿ ಸುದ್ದಿ ಬರ್ತಾವು. ಸೆಲ್ ಅಂದ್ರ ಮಾರು, ವೇಟ್ ಅಂದ್ರ ತಡಿ. ಇವೆರಡರ ಮ್ಯಾಲ ಇಷ್ಟು ವರ್ಷ ಅಂಗಡಿ ನಡಿಸೇನಿ. ಎರಡು ಅನ್ನೂದು ತಿಳೀತು. ತಿಂಗಳೋ ವರ್ಷೋ ತಿಳೀಲಿಲ್ಲ. ಎರಡು ತಿಂಗಳಾದ ಮ್ಯಾಲೂ ನೀ ಹಲ್ಲುನೋವು ಅಂದಿ. ಆಗ ವರ್ಷ ಅಂತ ತಿಳಕೊಂಡ್ನಿ.”

“ಮತ್ತ ಯಾಕ ಸುಮ್ಮನಿದ್ದಿ?”

“ನೀ ಎಷ್ಟು ದಿನಾ ಸುಳ್ಳು ಹೇಳ್ತಿ ನೋಡೂಣು ಅಂತ. ಒಬ್ಬ ಹುಡುಗಿ ಓದೂ ಸಲುವಾಗಿ ಹಡದಪ್ಪಗ ಎರಡು ವರ್ಷ ಸುಳ್ಳು ಹೇಳಾಂವ, ಅಕೀಗೆ ಎಂದೂ ಸುಳ್ಳು ಹೇಳಾಂವಲ್ಲ. ಹಿರೇಕೆರೂರಿನ್ಯಾಗ ನಾನೂ ಮನಿ ಸಣ್ಣದೈತಿ ಅಂತನ ಹೇಳಿ ಬಂದ್ನಿ. ಆದ್ರ ಆ ಲಾಡಿಂದು ಭಾಳ ಆತು ಬಿಡು.”

ಕಾಯಿಸುವ ಮಾತು ಅಷ್ಟು ಕಲಿತವನಿಗೆ, ನಮಗಾಗಿ ಕಾದವರಿಗೆ ಏನನ್ನಬೇಕೆಂಬುದು ಯಾವ ಭಾಷೆಯಲ್ಲೂ ತೋಚಲಿಲ್ಲ. ಬಗ್ಗಿ ಕಾಲು ಮುಟ್ಟಿದೆ.

“ಆತು, ಏಳು,” ಅಂದ ಅಪ್ಪ. “ಮನ್ಯಾಗ ಸೊಸಿ ಕಾಯಾಕತ್ತಾಳ.”